ಉಳಿದದ್ದು ಎಲ್ಲಿಗೆ ಹೋಯಿತು, ಮೇಷ್ಟ್ರೇ?

(ಪ್ರೌಢಶಾಲೆಯಲ್ಲಿ ಶಕ್ತಿ ಸಂರಕ್ಷಣೆಯ ಪಾಠ: ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸದ ಮೊದಲ ಕಾಲು ಗಂಟೆ ವಂದನೆಗಳಿಗೇ ಮೀಸಲು ಎಂಬ ರೂಢಿ ನಮ್ಮಲ್ಲಿದೆ. ಇವತ್ತು ಅದನ್ನು ಮೊಟಕು ಮಾಡುತ್ತೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು, ಆದರೆ ಅದಕ್ಕೆ ಲೆಕ್ಕಗಳು ಬಹಳ.

ಒಂಬತ್ತನೇ ತರಗತಿಯಲ್ಲಿ ‘ಕೆಲಸ ಮತ್ತು ಶಕ್ತಿ’ ಪಾಠ ಮುಗಿದಿರುವ ಯಾವ ಶಾಲೆಗೆ ಬೇಕಾದರೂ ಹೋಗಿ. ಶಕ್ತಿ ಸಂರಕ್ಷಣಾ ನಿಯಮ ಹೇಳು ಎಂದರೆ ಹುಡುಗ ಒಂದೇ ಉಸಿರಿಗೆ ಹೇಳುತ್ತಾನೆ: ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸಬಹುದು ಅಷ್ಟೆ. ವಿಧಗಳನ್ನು ಹೇಳು ಎಂದರೆ ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ, ಉಷ್ಣ, ಬೆಳಕು, ಶಬ್ದ, ವಿದ್ಯುತ್, ರಾಸಾಯನಿಕ, ಬೈಜಿಕ, ಒಂದನ್ನೂ ಬಿಡುವುದಿಲ್ಲ. ಆಮೇಲೆ ಅವನ ಕೈಗೆ ಒಂದು ರಬ್ಬರ್ ಚೆಂಡು ಕೊಡಿ. ಒಂದು ಮೀಟರ್ ಎತ್ತರದಿಂದ ಬಿಟ್ಟು, ಎಷ್ಟು ಮೇಲಕ್ಕೆ ಪುಟಿಯಿತೆಂದು ಅಳೆಯಲು ಹೇಳಿ. 60 ಸೆಂಟಿಮೀಟರ್ ಅನ್ನುತ್ತಾನೆ ಅಂತಿಟ್ಟುಕೊಳ್ಳಿ. ಮಿಕ್ಕ 40? ತರಗತಿಯ ಮುಕ್ಕಾಲು ಪಾಲು ಮಕ್ಕಳು ‘ನಷ್ಟವಾಯಿತು ಸಾರ್’ ಎಂದು ಕೂಗುತ್ತಾರೆ. ಎರಡು ನಿಮಿಷದ ಹಿಂದೆ ತಾವೇ ಒಪ್ಪಿಸಿದ ನಿಯಮಕ್ಕೂ ಈ ಉತ್ತರಕ್ಕೂ ಜಗಳವಿದೆ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಹಿಂದಿನ ಬೆಂಚಿನ ತರಲೆಯೊಬ್ಬ ಮಾತ್ರ ನಮ್ಮನ್ನೇ ತಿರುಗಿ ಕೇಳುತ್ತಾನೆ: ಉಳಿದದ್ದು ಎಲ್ಲಿಗೆ ಹೋಯಿತು, ಮೇಷ್ಟ್ರೇ? ಇಂದಿನ ನನ್ನ ಮಾತೆಲ್ಲ ಆ ತರಲೆಯ ಪರವಾಗಿ.

ಮೊದಲು ವಿಧಗಳ ಪಟ್ಟಿಯ ವಿಚಾರ ಮುಗಿಸಿಬಿಡೋಣ. ಶಬ್ದ ಎಂದರೆ ಗಾಳಿಯ ಅಣುಗಳ ಅದುರಾಟ. ಹಾಗಾದರೆ ಅದು ಚಲನ ಶಕ್ತಿಯಲ್ಲವೆ? ಬಿಸಿ ಹಾಲಿನ ಉಷ್ಣವೂ ಬಹುಮಟ್ಟಿಗೆ ಅಣುಗಳ ಓಡಾಟವೇ. ಸೌದೆಯಲ್ಲಿರುವ ರಾಸಾಯನಿಕ ಶಕ್ತಿಯನ್ನು ಬಿಡಿಸುತ್ತ ಹೋದರೆ ಕೊನೆಗೆ ಸಿಗುವುದು ಎಲೆಕ್ಟ್ರಾನುಗಳೂ ಪರಮಾಣು ಬೀಜಗಳೂ ಒಂದನ್ನೊಂದು ಸೆಳೆಯುವ ವಿದ್ಯುತ್ ಬಲದ ಸಂಗತಿ. ಅಂದಮೇಲೆ ವಿಧಗಳು ಒಟ್ಟು ಎಷ್ಟು? ಒಂದು ಗೈಡು ಆರು ಅನ್ನುತ್ತದೆ, ಇನ್ನೊಂದು ಎಂಟು. ‘ಯಾವುದಾದರೂ ನಾಲ್ಕನ್ನು ಹೆಸರಿಸಿ’ ಎಂದು ಕೇಳಿ ಪ್ರಶ್ನೆಪತ್ರಿಕೆ ತನ್ನ ಜಾಣತನ ಮೆರೆಯುತ್ತದೆ. ಇಂಗ್ಲೆಂಡಿನ ಶಿಕ್ಷಕರಿಗೂ ಈ ಗೊಂದಲ ಸಾಕಾಗಿ, ಅಲ್ಲಿನ ಪಠ್ಯದಲ್ಲಿ ಪಟ್ಟಿಯನ್ನೇ ಒಡೆದರು. ಶಕ್ತಿ ಕೂಡಿರುವ ತಾಣಗಳು ಬೇರೆ, ಒಂದು ತಾಣದಿಂದ ಇನ್ನೊಂದಕ್ಕೆ ಅದು ಸಾಗುವ ದಾರಿಗಳು ಬೇರೆ. ಬೆಳಕು, ಶಬ್ದ, ವಿದ್ಯುತ್ ಪ್ರವಾಹ ಇವೆಲ್ಲ ದಾರಿಗಳ ಲೆಕ್ಕಕ್ಕೆ. ಹಳೆಯದಕ್ಕಿಂತ ಇದು ವಾಸಿ ಎಂದೇ ನನ್ನ ಅಭಿಪ್ರಾಯ. ಆದರೆ ಹೊಸ ಪಟ್ಟಿಯನ್ನೂ ಮಕ್ಕಳು ಬಾಯಿಪಾಠವೇ ಮಾಡಿದರೆ ಏನು ಬಂತು?

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1966ರಲ್ಲಿ ವಿಜ್ಞಾನ ಶಿಕ್ಷಕರ ಸಭೆಯೊಂದರಲ್ಲಿ ಒಂದು ಪಠ್ಯಪುಸ್ತಕವನ್ನು ಹಿಡಿದು ಜಾಡಿಸಿದರು. ಒಂದನೇ ತರಗತಿಯ ಪುಸ್ತಕ ಅದು. ಕೀಲಿ ಕೊಟ್ಟರೆ ಓಡುವ ಆಟದ ನಾಯಿಯ ಚಿತ್ರ. ಇದು ಯಾವುದರಿಂದ ಚಲಿಸುತ್ತದೆ ಎಂದು ಪ್ರಶ್ನೆ. ‘ಶಕ್ತಿಯಿಂದ’ ಎಂಬುದು ನಿರೀಕ್ಷಿತ ಉತ್ತರ. ದೇವರಿಂದ ಎಂದರೂ ಇಷ್ಟೇ ತಿಳಿಯುತ್ತಿತ್ತು ಎಂಬುದು ಅವರ ಆಕ್ಷೇಪಣೆಯ ಸಾರ. ಆ ಆಟಿಕೆಯನ್ನು ಬಿಚ್ಚಿ ಒಳಗಿನ ಸ್ಪ್ರಿಂಗು, ಹಲ್ಲಿನ ಚಕ್ರಗಳನ್ನು ನೋಡಿದ್ದರೆ ಮಗುವಿಗೆ ಏನಾದರೂ ದಕ್ಕುತ್ತಿತ್ತು. ಇದೇ ಫೈನ್‌ಮನ್ ತಮ್ಮ ಹೆಸರಾಂತ ಭೌತಶಾಸ್ತ್ರ ಉಪನ್ಯಾಸಗಳಲ್ಲಿ ಶಕ್ತಿ ‘ಏನು’ ಎಂಬುದು ಇವತ್ತಿಗೂ ಗೊತ್ತಿಲ್ಲ, ಏನೇ ನಡೆದರೂ ಬದಲಾಗದ ಒಂದು ಸಂಖ್ಯೆಯನ್ನು ಲೆಕ್ಕಹಾಕುವುದು ಮಾತ್ರ ಗೊತ್ತು ಎಂದು ವಿದ್ಯಾರ್ಥಿಗಳ ಮುಂದೆ ಒಪ್ಪಿಕೊಂಡವರು.

ಆ ಸಂಖ್ಯೆಯಿಂದಲೇ ನಾವು ಶುರುಮಾಡಬೇಕು. ಅಂಗಡಿಯವನ ಖಾತೆ ಪುಸ್ತಕವನ್ನು ಮಕ್ಕಳೆಲ್ಲ ಕಂಡಿರುತ್ತಾರೆ. ಹಣ ಗಲ್ಲಾಪೆಟ್ಟಿಗೆಯಲ್ಲಿರಬಹುದು, ಬ್ಯಾಂಕಿನಲ್ಲಿರಬಹುದು, ಗಿರಾಕಿಯ ಸಾಲವಾಗಿ ಹೊರಗಿರಬಹುದು. ಒಟ್ಟು ಮೊತ್ತ ತಾಳೆಯಾಗಬೇಕು. ಶಕ್ತಿಯ ವಿಧಗಳು ಈ ಪುಸ್ತಕದ ಕಲಂಗಳು. ಒಂದೊಂದು ಕಲಮಿಗೆ ಒಂದೊಂದು ಸೂತ್ರ: ಎತ್ತರದ ಕಲಮಿಗೆ ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರಗಳ ಗುಣಲಬ್ಧ; ವೇಗದ ಕಲಮಿಗೆ ರಾಶಿ ಮತ್ತು ವೇಗದ ವರ್ಗದ ಗುಣಲಬ್ಧದ ಅರ್ಧ; ಬಿಸಿಯ ಕಲಮಿಗೆ ರಾಶಿ, ವಿಶಿಷ್ಟೋಷ್ಣ, ತಾಪಮಾನದ ಏರಿಕೆ. ನಮ್ಮ ಎಲ್ಲ ತೊಂದರೆಯ ಬೇರು ಇಲ್ಲೇ ಇದೆ. ಒಂಬತ್ತನೇ ತರಗತಿಯ ಆ ಪಾಠದಲ್ಲಿ ಮೊದಲ ಎರಡು ಕಲಂ ಮಾತ್ರ ಇವೆ, ಮೂರನೆಯದರ ಲೆಕ್ಕವಿಲ್ಲ. ಬೀಳುವ ಕಲ್ಲಿನ ಪ್ರಚ್ಛನ್ನ ಶಕ್ತಿ ಇಷ್ಟಿಷ್ಟೇ ಇಳಿದು ಚಲನ ಶಕ್ತಿ ಅಷ್ಟಷ್ಟೇ ಏರುವುದನ್ನು ಪಟ್ಟಿಹಾಕಿ ತೋರಿಸುತ್ತೇವೆ. ಕಲ್ಲು ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಪಾಠ ನಿಂತುಬಿಡುತ್ತದೆ! ನೆಲಕ್ಕೆ ಬಿದ್ದು ಸುಮ್ಮನಾದ ಕಲ್ಲಿಗೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಎರಡು ಕಲಮಿನ ಪುಸ್ತಕದಲ್ಲಿ ಅದು ನಷ್ಟವೇ. ‘ನಷ್ಟವಾಯಿತು ಸಾರ್’ ಎಂದ ಮಗು ನಾವು ಕೊಟ್ಟ ಪುಸ್ತಕವನ್ನು ಸರಿಯಾಗಿಯೇ ಓದಿದೆ.

ಇಂಗ್ಲೆಂಡಿನ ಶಿಕ್ಷಣ ಸಂಶೋಧಕ ಮೈಕ್ ವಾಟ್ಸ್ 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿದ್ಯಾರ್ಥಿಗಳ ತಲೆಯಲ್ಲಿ ಶಕ್ತಿಯ ಬಗ್ಗೆ ಇರುವ ಏಳು ಬಗೆಯ ಕಲ್ಪನೆಗಳನ್ನು ಗುರುತಿಸಿದ್ದಾರೆ. ಶಕ್ತಿ ಇರುವುದು ಜೀವ ಇರುವವರಿಗೆ ಮಾತ್ರ, ಅದು ಕೆಲವು ವಸ್ತುಗಳೊಳಗೆ ತುಂಬಿಟ್ಟ ಸರಕು, ಓಡಾಟ ಕಂಡರೆ ಶಕ್ತಿಯುಂಟು, ಕಾಣದಿದ್ದರೆ ಇಲ್ಲ, ಹೀಗೆ. ನಮ್ಮ ಮಕ್ಕಳೂ ಇವನ್ನೇ ಹೇಳುತ್ತಾರೆ. ಇವನ್ನು ತಪ್ಪು ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೆ ಪ್ರಯೋಜನವಿಲ್ಲ. ಅಳತೆಗೆ ನಿಂತಾಗ ಮಾತ್ರ ಇವು ತಾವಾಗಿ ಸಡಿಲವಾಗುತ್ತವೆ.

ಬಿಸಿಯ ಆ ಮೂರನೆಯ ಕಲಮನ್ನು ಪುಸ್ತಕಕ್ಕೆ ಸೇರಿಸಲು ಯುರೋಪಿನವರಿಗೇ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು ಎಂಬುದನ್ನು ಮರೆಯಬಾರದು. ಹದಿನೆಂಟನೇ ಶತಮಾನದಲ್ಲಿ ವೇಗದ ಕಲಮಿನ ಬಗ್ಗೆಯೇ ದೊಡ್ಡ ವಾದ ನಡೆದಿತ್ತು: ವೇಗ ಇಮ್ಮಡಿಯಾದರೆ ಹೊಡೆತದ ಕಸುವು ಇಮ್ಮಡಿಯೋ, ನಾಲ್ಮಡಿಯೋ? ನೆದರ್ಲೆಂಡ್ಸಿನ ಸ್‌ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆದು ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ವೇಗ ಎರಡರಷ್ಟಾದರೆ ಮಣ್ಣಿನಲ್ಲಾದ ಕುಳಿ ನಾಲ್ಕರಷ್ಟು. ಫ್ರಾನ್ಸಿನ ಎಮಿಲಿ ದು ಶಾತಲೆ 1740ರ ತಮ್ಮ ಪುಸ್ತಕದಲ್ಲಿ ಈ ಪ್ರಯೋಗವನ್ನು ಮುಂದಿಟ್ಟುಕೊಂಡು ವಾದಿಸಿದರು. ಕುಂಬಾರರ ಮಣ್ಣು ಸಿಗುವ ಯಾವ ಊರಿನಲ್ಲೂ ಇದನ್ನು ಮಾಡಬಹುದು. ಖರ್ಚು ಏನೂ ಇಲ್ಲ. ಬೈಕನ್ನು 40ರ ಬದಲು 80ರಲ್ಲಿ ಓಡಿಸುವ ಅಣ್ಣಂದಿರಿಗೂ ಈ ಕುಳಿಗಳನ್ನು ತೋರಿಸಿದರೆ ಒಳ್ಳೆಯದು.

ಬಿಸಿಯ ಕಥೆ ಇನ್ನೂ ದೀರ್ಘ. ಉಷ್ಣವೆಂದರೆ ವಸ್ತುವಿನಿಂದ ವಸ್ತುವಿಗೆ ಹರಿಯುವ ತೂಕವಿಲ್ಲದ ಒಂದು ದ್ರವ ಎಂದೇ ಬಹುಕಾಲ ನಂಬಿದ್ದರು. 1798ರಲ್ಲಿ ಕೌಂಟ್ ರಂಫರ್ಡ್ ಮ್ಯೂನಿಕ್‌ನ ಫಿರಂಗಿ ಕಾರ್ಖಾನೆಯ ಅನುಭವವನ್ನು ವರದಿ ಮಾಡಿದ: ಮೊಂಡು ಉಳಿಯಿಂದ ಫಿರಂಗಿ ಕೊರೆಯುತ್ತ ಹೋದರೆ ಬಿಸಿ ಹುಟ್ಟುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಒಳಗೆ ತುಂಬಿಟ್ಟ ದ್ರವವಾಗಿದ್ದರೆ ಎಂದೋ ಖಾಲಿಯಾಗಬೇಕಿತ್ತಲ್ಲ? 1840ರಲ್ಲಿ ಜರ್ಮನಿಯ ಯುವ ವೈದ್ಯ ರಾಬರ್ಟ್ ಮೇಯರ್ ಡಚ್ಚರ ಹಡಗಿನಲ್ಲಿ ಜಾವಾಕ್ಕೆ ಹೋದ. ಅಲ್ಲಿ ನಾವಿಕರ ರಕ್ತನಾಳ ಕೊಯ್ದಾಗ ಅಭಿಧಮನಿಯ ರಕ್ತ ತನ್ನ ಊರಿನಲ್ಲಿ ಕಂಡದ್ದಕ್ಕಿಂತ ಕೆಂಪಾಗಿತ್ತು. ಸೆಖೆಯ ಊರಿನಲ್ಲಿ ಮೈ ಬೆಚ್ಚಗಿಡಲು ಕಡಿಮೆ ಉರಿಸಿದರೆ ಸಾಕು, ಅದಕ್ಕೇ ರಕ್ತದಲ್ಲಿ ಆಮ್ಲಜನಕ ಮಿಗುತ್ತದೆ ಎಂದು ಅವನು ತರ್ಕಿಸಿದ. ಬಿಸಿಯನ್ನೂ ಕೆಲಸವನ್ನೂ ಒಂದೇ ಲೆಕ್ಕಕ್ಕೆ ತಂದ ಅವನ ಲೇಖನ 1842ರಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ಕಳಿಸಿದ್ದನ್ನು ಇನ್ನೊಂದು ಪತ್ರಿಕೆ ಹಾಕಿರಲಿಲ್ಲ.

ಅಳತೆಯನ್ನು ಪಟ್ಟುಹಿಡಿದು ಮಾಡಿದಾತ ಮಾತ್ರ ಜೇಮ್ಸ್ ಪ್ರೆಸ್ಕಾಟ್ ಜೂಲ್. ಮ್ಯಾಂಚೆಸ್ಟರ್ ಬಳಿ ಬಿಯರ್ ಬಟ್ಟಿಯ ಮನೆತನದವನು, ವಿಶ್ವವಿದ್ಯಾಲಯದ ಹುದ್ದೆಯಿಲ್ಲ. ಬಟ್ಟಿಯಲ್ಲಿ ತಾಪಮಾನ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸರಕು ಕೆಡುತ್ತದೆ. ಥರ್ಮಾಮೀಟರ್ ನೋಡುವ ಅವನ ಕಣ್ಣು ಅಲ್ಲಿ ಪಳಗಿದ್ದೇನೋ. ತೂಕದ ಗುಂಡುಗಳು ಕೆಳಗಿಳಿಯುತ್ತ ದಾರ ಎಳೆಯುತ್ತವೆ, ದಾರ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುತ್ತದೆ, ನೀರು ಕದಡಿ ಕದಡಿ ಬೆಚ್ಚಗಾಗುತ್ತದೆ. ಗುಂಡು ಇಳಿದ ಎತ್ತರಕ್ಕೂ ನೀರಿಗೆ ಏರಿದ ಬಿಸಿಗೂ ಸಿಕ್ಕ ಅನುಪಾತ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಇವತ್ತಿನ ಮಾನಗಳಲ್ಲಿ ಹೇಳುವುದಾದರೆ, ಒಂದು ಕಿಲೊ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಬೇಕಾದ ಶಕ್ತಿ ಅದೇ ನೀರನ್ನು ಸುಮಾರು 427 ಮೀಟರ್ ಮೇಲೆತ್ತಬಲ್ಲದು. ಈ ಸಂಖ್ಯೆಯನ್ನು ತರಗತಿಯಲ್ಲಿ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಒಂದು ಡಿಗ್ರಿ ಎಂದರೆ ಬೆರಳಿಗೇ ಗೊತ್ತಾಗದಷ್ಟು. 427 ಮೀಟರ್ ಎಂದರೆ ಜೋಗದ ರಾಜನಿಗಿಂತ ಬಹಳ ಎತ್ತರ. ಬಿಸಿಯ ಕಲಮಿನಲ್ಲಿ ಎಷ್ಟು ದೊಡ್ಡ ಮೊತ್ತ ಎಷ್ಟು ಸದ್ದಿಲ್ಲದೆ ಅಡಗಿಕೊಳ್ಳಬಲ್ಲದು ಎಂಬುದು ಇಲ್ಲಿ ತಿಳಿಯುತ್ತದೆ. ಪುಟಿದ ಚೆಂಡಿನ ಆ 40 ಸೆಂಟಿಮೀಟರ್ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂಬುದೂ.

ಜೋಗ ಹೇಗೂ ಬಂತು. 1845ರಲ್ಲಿ ಜೂಲ್ ಒಂದು ವಿಜ್ಞಾನ ಪತ್ರಿಕೆಗೆ ಕಾಗದ ಬರೆದು, ದೊಡ್ಡ ಜಲಪಾತಗಳ ಆಸುಪಾಸಿನಲ್ಲಿರುವ ಓದುಗರು ಮೇಲಿನ ನೀರಿನ ಮತ್ತು ಕೆಳಗಿನ ನೀರಿನ ತಾಪಮಾನ ಹೋಲಿಸಿ ನೋಡಬೇಕೆಂದು ಕೇಳಿಕೊಂಡಿದ್ದ. ನಯಾಗರದಲ್ಲಿ ಫ್ಯಾರನ್‌ಹೀಟ್ ಡಿಗ್ರಿಯ ಐದನೇ ಒಂದು ಭಾಗದಷ್ಟು ವ್ಯತ್ಯಾಸ ಕಾಣಬೇಕೆಂದು ಅವನ ಎಣಿಕೆ. ನಮಗೆ ನಯಾಗರ ಯಾಕೆ? ರಾಜ ಜಲಪಾತದ ಎತ್ತರ 253 ಮೀಟರ್. ಒಂದು ಕಿಲೊ ನೀರು ಅಷ್ಟು ಎತ್ತರದಿಂದ ಬಿದ್ದರೆ 253ನ್ನು 9.8ರಿಂದ ಗುಣಿಸಿದಷ್ಟು, ಅಂದರೆ ಸುಮಾರು 2480 ಜೂಲ್. ನೀರಿನ ವಿಶಿಷ್ಟೋಷ್ಣ 4186. ಭಾಗಿಸಿದರೆ ಸುಮಾರು 0.6 ಡಿಗ್ರಿ. ತಳದ ಗುಂಡಿಯ ನೀರು ನೆತ್ತಿಯ ನೀರಿಗಿಂತ ಅರ್ಧ ಡಿಗ್ರಿಗಿಂತ ಹೆಚ್ಚು ಬೆಚ್ಚಗಿರಬೇಕು. ಇರುತ್ತದೆಯೆ? ನಿಜವಾಗಿ ಅಳೆಯಲು ಹೋದರೆ ಫಜೀತಿ. ಬೀಳುವ ನೀರು ನುಚ್ಚುನೂರಾಗಿ ತುಂತುರಾಗುತ್ತದೆ, ತುಂತುರು ಆವಿಯಾಗುವಾಗ ಉಳಿದ ನೀರನ್ನು ತಣ್ಣಗೆ ಮಾಡುತ್ತದೆ, ಗಾಳಿಯೂ ತನ್ನ ಪಾಲು ಒಯ್ಯುತ್ತದೆ. 1847ರಲ್ಲಿ ಮದುವೆಯಾದ ಹೊಸದರಲ್ಲಿ ಆಲ್ಪ್ಸ್ ಪ್ರವಾಸದಲ್ಲಿದ್ದ ಜೂಲ್ ಅಲ್ಲೊಂದು ಜಲಪಾತದಲ್ಲಿ ಇದನ್ನು ಪ್ರಯತ್ನಿಸಿ, ಇದೇ ತುಂತುರಿನ ಕಾಟಕ್ಕೆ ಸೋತ. ದಾರಿಯಲ್ಲಿ ಅವನನ್ನು ಎದುರುಗೊಂಡ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಇದನ್ನು ನೆನಪಿಸಿಕೊಂಡಿದ್ದಾರೆ. ಮಧುಚಂದ್ರದಲ್ಲಿ ಥರ್ಮಾಮೀಟರ್ ಹಿಡಿದು ಓಡಾಡುವ ಗಂಡನ ಬಗ್ಗೆ ಹೆಂಡತಿ ಏನೆಂದಳೋ!

ಜೋಗದ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ‘ಯೂನಿಟ್’ ಎಂದಿರುತ್ತದಲ್ಲ, ಅದು 36 ಲಕ್ಷ ಜೂಲ್. ಒಂದು ಟನ್ ತೂಕವನ್ನು 367 ಮೀಟರ್ ಮೇಲೆತ್ತುವಷ್ಟು. ಜಲಪಾತದ ಪೂರ್ತಿ ಎತ್ತರದಿಂದ ಒಂದಿಷ್ಟೂ ಸೋರದೆ ಸಿಗುವುದಾದರೂ ಒಂದು ಯೂನಿಟ್‌ಗೆ ಸುಮಾರು 1450 ಲೀಟರ್ ನೀರು ಬೀಳಬೇಕು. ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಒಂದೂವರೆ. ಶಕ್ತಿ ಎಂದರೆ ಓಡಾಟ, ಜೀವ, ಹುರುಪು ಎಂದುಕೊಂಡಿದ್ದ ಮಗುವಿಗೆ ಜೋಗದ ಮೇಲಿನ ಲಿಂಗನಮಕ್ಕಿ ಜಲಾಶಯದಲ್ಲಿ ಅಲುಗದೆ ನಿಂತ ನೀರಿನ ಬೆಲೆ ಇಲ್ಲಿ ತಿಳಿಯುತ್ತದೆ.

ಜಲಪಾತದಲ್ಲಿ ಆಗದ್ದನ್ನು ತರಗತಿಯಲ್ಲೇ ಮಾಡುವ ಉಪಾಯವಿದೆ. ಒಂದು ಮೀಟರಿಗಿಂತ ತುಸು ಉದ್ದನೆಯ ಪಿವಿಸಿ ಪೈಪು ತನ್ನಿ. ಒಂದು ತುದಿ ಮುಚ್ಚಿ, ಸೈಕಲ್ ಅಂಗಡಿಯಲ್ಲಿ ಸಿಗುವ ಉಕ್ಕಿನ ಬಾಲ್ಸ್ ಅರ್ಧ ಕಿಲೊ ಹಾಕಿ, ಇನ್ನೊಂದು ತುದಿಗೆ ಬಿರಡೆ ಜಡಿಯಿರಿ. ಪೈಪನ್ನು ನೆಟ್ಟಗೆ ಹಿಡಿದು ತಲೆಕೆಳಗು ಮಾಡಿದರೆ ಗುಂಡುಗಳೆಲ್ಲ ಒಂದು ಮೀಟರ್ ಕೆಳಗೆ ಬೀಳುತ್ತವೆ. ಹೀಗೆ 100 ಸಲ. ಮಕ್ಕಳು ಸರದಿಯ ಮೇಲೆ ಮಾಡಲಿ, ಗದ್ದಲವಾಗಲಿ, ಪಕ್ಕದ ತರಗತಿಯ ಮೇಷ್ಟ್ರು ಬಂದು ಇಣುಕಲಿ. 100 ಸಲ ಬಿದ್ದರೆ ಕಿಲೊಗೆ 980 ಜೂಲ್. ಉಕ್ಕಿನ ವಿಶಿಷ್ಟೋಷ್ಣ 480ರ ಆಸುಪಾಸು. ಗುಂಡುಗಳು 2 ಡಿಗ್ರಿ ಬಿಸಿಯಾಗಬೇಕು. ಡಿಜಿಟಲ್ ಥರ್ಮಾಮೀಟರಿನ ಮೂತಿಯನ್ನು ಗುಂಡುಗಳ ನಡುವೆ ಹುದುಗಿಸಿ ಮೊದಲೂ ಕೊನೆಗೂ ನೋಡಿ. ಎರಡು ಡಿಗ್ರಿ ಬರುವುದಿಲ್ಲ, ಅದಕ್ಕಿಂತ ಕಡಿಮೆಯೇ ಬರುತ್ತದೆ. ಪಾಠ ನಿಜವಾಗಿ ಶುರುವಾಗುವುದು ಅಲ್ಲಿ. ಪೈಪಿನ ಗೋಡೆ ಎಷ್ಟು ಬಿಸಿ ಕುಡಿಯಿತು? ಬಿರಡೆ? ತಿರುಗಿಸುವಾಗ ಗುಂಡುಗಳು ಪೂರಾ ಬಿದ್ದವೋ, ಜಾರಿದವೋ? ಕೇಳಿಸಿದ ಆ ಸದ್ದಿನ ಪಾಲೆಷ್ಟು? (ಸದ್ದಿನದು ನಂಬಲಾಗದಷ್ಟು ಕಡಿಮೆ, ಕಿವಿ ಅಷ್ಟು ಚುರುಕು.) ಪೈಪಿಗೆ ಹಳೆಯ ಸ್ವೆಟರ್ ಸುತ್ತಿ ಮತ್ತೆ ಮಾಡಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಆ ಹುಡುಗಿಯನ್ನು ಬಿಡಬೇಡಿ, ಅವಳ ಕೈಗೇ ಪೈಪು ಕೊಡಿ. ಎರಡು ಡಿಗ್ರಿಗೂ ಸಿಕ್ಕದ್ದಕ್ಕೂ ನಡುವಿನ ಅಂತರವನ್ನು ‘ಪ್ರಯೋಗದ ದೋಷ’ ಎಂದು ಬರೆಸಿ ಮುಗಿಸುವ ಚಾಳಿಯನ್ನು ನಾವು ಬಿಡಬೇಕು. ಆ ಅಂತರವೇ ಪಾಠ.

ಬೈಸಿಕಲ್ಲು, ಬಲ್ಬುಗಳ ಉದಾಹರಣೆಗಳನ್ನು ಬಿಡುತ್ತೇನೆ, ಪುಸ್ತಕಗಳಲ್ಲಿ ಬೇಕಾದಷ್ಟಿವೆ. ಅನ್ನದ ಉದಾಹರಣೆ ಒಂದು ಹೇಳಲೇಬೇಕು. ಶಾಲೆಯ ಪ್ರವಾಸ ಶ್ರವಣಬೆಳಗೊಳಕ್ಕೆ ಹೋಗುತ್ತದೆ. ವಿಂಧ್ಯಗಿರಿ ಬಯಲಿನಿಂದ ಸುಮಾರು 140 ಮೀಟರ್ ಎತ್ತರ, 600ಕ್ಕೂ ಹೆಚ್ಚು ಮೆಟ್ಟಿಲು. 40 ಕಿಲೊ ತೂಗುವ ಮಗು ಗೊಮ್ಮಟನ ಪಾದ ಮುಟ್ಟುವ ಹೊತ್ತಿಗೆ ಎತ್ತರದ ಕಲಮಿಗೆ ಸುಮಾರು 55,000 ಜೂಲ್ ಸೇರುತ್ತದೆ. ಆಹಾರದ ಭಾಷೆಯಲ್ಲಿ ಬರೇ 13 ಕಿಲೊಕ್ಯಾಲೊರಿ. ಮಾಂಸಖಂಡ ಉರಿಸಿದ್ದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದು ಬಿಸಿ. ಆದ್ದರಿಂದ ಐವತ್ತು ಚಿಲ್ಲರೆ ಕಿಲೊಕ್ಯಾಲೊರಿ ಅನ್ನೋಣ. ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣದ ಹಿಂದೆ 100 ಗ್ರಾಮಿಗೆ 450ರ ಸುಮಾರು ಎಂದು ಅಚ್ಚಾಗಿರುತ್ತದೆ. ಅಂದರೆ ಎರಡು ಮೂರು ಬಿಸ್ಕತ್ತು! ಏದುಸಿರು ಬಿಟ್ಟು ಹತ್ತಿದ ಬೆಟ್ಟದ ಬೆಲೆ ಇಷ್ಟೆಯೆ ಎಂದು ಮಕ್ಕಳಿಗೆ ಅವಮಾನವೇ ಆಗುತ್ತದೆ. ಹರಿಸಿದ ಬೆವರು ಲೆಕ್ಕದಲ್ಲಿ ಎಲ್ಲಿದೆ ಎಂದು ಕೇಳಿ: ಮುಕ್ಕಾಲು ಪಾಲಿನ ಬಿಸಿಯನ್ನು ಮೈಯಿಂದ ಹೊರಗೆ ಹಾಕುವ ಏರ್ಪಾಡು ಅದು. ಆಮೇಲೆ ಯಾರೋ ಕೇಳಿಯೇ ಕೇಳುತ್ತಾರೆ: ಇಳಿಯುವಾಗ ಆ 55,000 ಜೂಲ್ ನಮಗೆ ವಾಪಸು ಬರುತ್ತದೆಯೆ ಸಾರ್? ಬಂದರೆ ಹಸಿವೇ ಆಗಬಾರದಿತ್ತು. ಇಳಿಯುವಾಗ ತೊಡೆಯ ಸ್ನಾಯುಗಳು ಪ್ರತಿ ಮೆಟ್ಟಿಲಿನಲ್ಲೂ ಮೈಯನ್ನು ತಡೆದು ಹಿಡಿಯುತ್ತವೆ. ಎತ್ತರದ ಕಲಮಿನಲ್ಲಿ ಇದ್ದದ್ದು ಅಲ್ಲೇ ಬಿಸಿಯಾಗಿ ಹೋಗುತ್ತದೆ. ತಡೆಯುವ ಕೆಲಸಕ್ಕೆ ಊಟದಿಂದಲೂ ಇನ್ನಷ್ಟು ಖರ್ಚಾಗುತ್ತದೆ. ಮರುದಿನ ನೋಯುವುದು ಹತ್ತಿದ್ದಕ್ಕಿಂತ ಇಳಿದದ್ದರಿಂದ ಎಂದು ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಈ ಹಂತಕ್ಕೆ ಬಂದ ತರಗತಿಯಿಂದ ಒಂದು ಗಟ್ಟಿ ಪ್ರಶ್ನೆ ಬಂದೇ ಬರುತ್ತದೆ. ಶಕ್ತಿ ನಾಶವಾಗುವುದೇ ಇಲ್ಲವಾದರೆ, ವಿದ್ಯುತ್ ಉಳಿಸಿ ಎಂದು ಬಿಲ್ಲಿನ ಮೇಲೆ ಯಾಕೆ ಅಚ್ಚು ಹಾಕುತ್ತಾರೆ? ಇದನ್ನು ಮೇಲಿನ ತರಗತಿಗೆ ತಳ್ಳಬಾರದು. ಉತ್ತರ ಅಡುಗೆಮನೆಯಲ್ಲಿದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 3 ಲಕ್ಷದ 14 ಸಾವಿರ ಜೂಲ್ ಸಾಕು. ಒಣ ಸೌದೆಯ ಒಂದು ಕಿಲೊದಲ್ಲಿ ಸುಮಾರು 160 ಲಕ್ಷ ಜೂಲ್ ಇದೆ. ಲೆಕ್ಕದ ಪ್ರಕಾರ 20 ಗ್ರಾಂ ಸೌದೆ ಸಾಕು, ಒಂದು ಚಕ್ಕೆ. ಮೂರು ಕಲ್ಲಿನ ಒಲೆಯಲ್ಲಿ ತೂಕಹಾಕಿ ನೋಡಿ, 200 ಗ್ರಾಮಿಗೂ ಮೀರಿ ಉರಿದಿರುತ್ತದೆ. ಮಿಕ್ಕದ್ದು ನಾಶವಾಯಿತೆ? ಇಲ್ಲ. ಗೋಡೆ ಕಾಯಿಸಿತು, ಹೊಗೆಯೊಡನೆ ಹೆಂಚಿನ ಸಂದಿಯಿಂದ ಹೊರಟಿತು, ಪೂರ್ತಿ ಉರಿಯದ ಮಸಿಯಾಗಿ ಪಾತ್ರೆಗೆ ಮೆತ್ತಿತು, ಊರ ಗಾಳಿಯನ್ನು ಲವಲೇಶ ಬೆಚ್ಚಗೆ ಮಾಡಿತು. ಒಂದೊಂದು ಜೂಲೂ ಎಲ್ಲೋ ಇದೆ. ಆದರೆ ಎಷ್ಟು ತೆಳ್ಳಗೆ ಹರಡಿಹೋಗಿದೆ ಎಂದರೆ ಅದನ್ನು ಮತ್ತೆ ಕೂಡಿಸಿ ಒಂದು ಲೋಟ ಕಾಫಿ ಕಾಯಿಸುವ ಉಪಾಯ ಯಾರಿಗೂ ಇಲ್ಲ. ಉಳಿಸಿ ಎಂದು ಹೇಳುವುದು ಹರಡುವುದಕ್ಕೆ ಮೊದಲಿನ ಶಕ್ತಿಯನ್ನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಆ ತಂಡ ಶಕ್ತಿಯ ಲೆಕ್ಕವನ್ನು ಮನೆಮನೆಗೆ ಹೋಗಿ ಬರೆಯಿತು: ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ಎತ್ತಿನ ದುಡಿಮೆ ಎಷ್ಟು, ಹೆಂಗಸರು ಸೌದೆ ನೀರು ಹೊರುವ ಕೆಲಸ ಎಷ್ಟು. ಊರಿನ ಶಕ್ತಿಯಲ್ಲಿ ದೊಡ್ಡ ಪಾಲು ಸೌದೆಯದು, ಅದರಲ್ಲಿ ದೊಡ್ಡ ಪಾಲು ಅಡುಗೆಯದು ಎಂದು ಕಂಡಿತು. ಅದೇ ಕೇಂದ್ರದಿಂದ ಬಂದ ಅಸ್ತ್ರ ಒಲೆ ಗಾಳಿ ಒಳಬರುವ ದಾರಿ, ಉರಿ ಪಾತ್ರೆಗೆ ತಾಗುವ ಬಗೆ, ಹೊಗೆ ಹೊರಹೋಗುವ ಕೊಳವೆಗಳನ್ನು ತಿದ್ದಿ, ಹಳೆಯ ಒಲೆಯಲ್ಲಿ ನೂರಕ್ಕೆ ಹತ್ತರ ಒಳಗಿದ್ದ ದಕ್ಷತೆಯನ್ನು ಪರೀಕ್ಷೆಗಳಲ್ಲಿ ನಲವತ್ತರ ಆಚೆ ಮುಟ್ಟಿಸಿತು. ಈ ಸರ್ವೆಯನ್ನು ಎಂಟನೇ ತರಗತಿಯ ಮಕ್ಕಳು ತಮ್ಮ ಬೀದಿಯಲ್ಲಿ ಮಾಡಬಹುದು. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಪಂಪ್‌ಸೆಟ್ ಎಷ್ಟು ಹೊತ್ತು ಓಡಿತು, ದನದ ಮೇವು ಎಷ್ಟು. ಪ್ರಾಜೆಕ್ಟ್ ಎಂದು ಥರ್ಮೊಕೋಲಿನಲ್ಲಿ ಗಾಳಿಯಂತ್ರ ಕೊರೆದು ತರುವುದಕ್ಕಿಂತ ಇದು ಮೇಲು.

ಥರ್ಮೊಕೋಲ್ ಅಂದ ಮೇಲೆ ವಿಜ್ಞಾನ ವಸ್ತುಪ್ರದರ್ಶನದ ಮಾತು ಬಿಡುವ ಹಾಗಿಲ್ಲ. ಯಾವುದೋ ಒಂದು ಮೇಜಿನ ಮೇಲೆ ಒಂದು ಮೋಟರು, ಅದಕ್ಕೆ ಬೆಲ್ಟ್ ಹಾಕಿದ ಒಂದು ಡೈನಮೊ, ಡೈನಮೊದ ಕರೆಂಟಿನಿಂದಲೇ ಮೋಟರು ಓಡುತ್ತದೆ ಎಂಬ ಫಲಕ ಇದ್ದೇ ಇರುತ್ತದೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ನಿರಂತರ ಚಲನ ಯಂತ್ರಗಳನ್ನು ಇನ್ನು ಪರಿಶೀಲಿಸುವುದಿಲ್ಲ ಎಂದು 1775ರಲ್ಲೇ ತೀರ್ಮಾನಿಸಿತು. ಅಕಾಡೆಮಿಗೆ ಅದು ಸರಿ, ಶಾಲೆಗೆ ಸರಿಯಲ್ಲ. ನಿಯಮಕ್ಕೆ ವಿರುದ್ಧ, ತೆಗೆದಿಡು ಎಂದರೆ ಹುಡುಗ ಕಲಿಯುವುದು ದೊಡ್ಡವರಿಗೆ ಹೆದರುವುದನ್ನು. ಎರಡು ಮಲ್ಟಿಮೀಟರ್ ಕೊಟ್ಟು ಒಳಹೋಗುವ ವೋಲ್ಟು ಆಂಪಿಯರು, ಹೊರಬರುವ ವೋಲ್ಟು ಆಂಪಿಯರು ಬರೆಯಲು ಹೇಳಿ. ಮೇಜಿನ ಕೆಳಗಿನ ಬ್ಯಾಟರಿಯನ್ನು ಅವನೇ ತೋರಿಸುತ್ತಾನೆ. ನೀರಿನಿಂದಲೇ ಓಡುವ ಕಾರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದಾಗಲೂ ಆ ಹುಡುಗ ಕೇಳುವ ಮೊದಲ ಪ್ರಶ್ನೆ, ಆ ಶಕ್ತಿ ಯಾವ ಕಲಮಿನಿಂದ ಬಂತು ಎಂಬುದಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಲೆಕ್ಕವೇ ತಾಳೆಯಾಗದಿದ್ದರೆ ಏನು ಮಾಡುವುದು? ದೊಡ್ಡ ದೊಡ್ಡ ವಿಜ್ಞಾನಿಗಳಿಗೇ ಒಮ್ಮೆ ಈ ಪರಿಸ್ಥಿತಿ ಬಂದಿತ್ತು. ಈ ಕಥೆಯನ್ನು ಹತ್ತನೇ ತರಗತಿಗೆ ಖಂಡಿತ ಹೇಳಬಹುದು, ಅದರಲ್ಲಿ ನಮ್ಮ ನೆಲದ ಪಾಲೂ ಇದೆ.

ಕೆಲವು ವಿಕಿರಣಶೀಲ ಧಾತುಗಳ ಬೀಜದಿಂದ ಎಲೆಕ್ಟ್ರಾನ್ ಹೊರಚಿಮ್ಮುತ್ತದೆ. ಬೀಜ ಕಳೆದುಕೊಂಡ ಶಕ್ತಿ ಪ್ರತಿ ಸಲವೂ ಒಂದೇ. ಹೊರಬಂದ ಎಲೆಕ್ಟ್ರಾನಿನ ಶಕ್ತಿ ಮಾತ್ರ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ. 1927ರಲ್ಲಿ ಎಲಿಸ್ ಮತ್ತು ವೂಸ್ಟರ್ ಎಂಬವರು ಜೂಲ್‌ನ ದಾರಿಯನ್ನೇ ಹಿಡಿದು, ವಿಕಿರಣಶೀಲ ಬಿಸ್ಮತ್ತನ್ನು ಕ್ಯಾಲೊರಿಮಾಪಕದಲ್ಲಿಟ್ಟು ಬಿಸಿ ಅಳೆದರು. ಬರಬೇಕಾದದ್ದರ ಮೂರನೇ ಒಂದು ಭಾಗ ಮಾತ್ರ ಸಿಕ್ಕಿತು. ಮೂರರಲ್ಲಿ ಎರಡು ಪಾಲು ನಾಪತ್ತೆ. ನೀಲ್ಸ್ ಬೋರ್‌ನಂಥವರು, ಬೀಜದೊಳಗೆ ಶಕ್ತಿ ಸಂರಕ್ಷಣೆ ಸರಾಸರಿಯಲ್ಲಿ ಮಾತ್ರ ನಿಜವಿರಬಹುದು ಎನ್ನುವ ಮಟ್ಟಕ್ಕೆ ಹೋದರು. ವೋಲ್ಫ್‌ಗಾಂಗ್ ಪೌಲಿ ಒಪ್ಪಲಿಲ್ಲ. 1930ರ ಡಿಸೆಂಬರಿನಲ್ಲಿ ಒಂದು ಸಭೆಗೆ ಕಾಗದ ಬರೆದ: ಯಾರ ಕಣ್ಣಿಗೂ ಬೀಳದ, ವಿದ್ಯುದಂಶವಿಲ್ಲದ ಒಂದು ಕಣ ಆ ಪಾಲನ್ನು ಹೊತ್ತೊಯ್ಯುತ್ತಿರಬಹುದು. ಜ್ಯೂರಿಕ್‌ನಲ್ಲಿ ಒಂದು ನೃತ್ಯಕೂಟವಿದ್ದದ್ದರಿಂದ ತಾನೇ ಸಭೆಗೆ ಬರಲಾಗುತ್ತಿಲ್ಲ ಎಂದೂ ಅದರಲ್ಲಿ ಬರೆದಿದ್ದ. ಪುಸ್ತಕ ತಾಳೆಯಾಗಲಿ ಎಂದು ಪೆನ್ಸಿಲಿನಲ್ಲಿ ಗೀಚಿದ ಒಂದು ಹೊಸ ಕಲಂ ಅದು. 1956ರಲ್ಲಿ ರೈನಸ್ ಮತ್ತು ಕೋವನ್ ಅಮೆರಿಕದ ಒಂದು ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಆ ಕಣವನ್ನು ಹಿಡಿದರು. ಅದೇ ನ್ಯೂಟ್ರಿನೊ.

ನ್ಯೂಟ್ರಿನೊಗಳು ನಮ್ಮ ತಲೆಯ ಮೇಲೂ ಹುಟ್ಟುತ್ತವೆ, ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ. ಅವನ್ನು ಕಾಣಬೇಕಾದರೆ ಬೇರೆಲ್ಲ ಕಣಗಳನ್ನು ತಡೆಯುವಷ್ಟು ಬಂಡೆ ನೆತ್ತಿಯ ಮೇಲಿರಬೇಕು. ಅಂಥ ಜಾಗವಾಗಿತ್ತು ಕೋಲಾರದ ಚಿನ್ನದ ಗಣಿ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಐವತ್ತರ ದಶಕದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಡೆಯಿಂದ ಆ ಗಣಿಗಳಿಗೆ ಉಪಕರಣ ಇಳಿಸಿದ್ದರು. 1965ರಲ್ಲಿ ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮತ್ತು ಜೊತೆಗಾರರು ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರಂ ತಂಡಗಳೊಡನೆ, ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೊಮೀಟರಿಗೂ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಕಂಡರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇದೇ ಬೇಟೆಯಲ್ಲಿದ್ದ ರೈನಸ್ ತಂಡದ ವರದಿಯೂ ಅದೇ ತಿಂಗಳು ಬಂತು, ನಮ್ಮದು ತುಸು ಮೊದಲು. ಆ ಗಣಿಯ ಯಂತ್ರಗಳು ಓಡುತ್ತಿದ್ದದ್ದು ಯಾವ ಶಕ್ತಿಯಿಂದ ಎಂದು ಮಕ್ಕಳನ್ನು ಕೇಳಿ. 1902ರಲ್ಲಿ ಶಿವನಸಮುದ್ರದಲ್ಲಿ ಬಿದ್ದ ಕಾವೇರಿಯ ನೀರು ಸುಮಾರು 147 ಕಿಲೊಮೀಟರ್ ತಂತಿಯಲ್ಲಿ ಹರಿದು ಬಂದದ್ದು ಇದೇ ಕೋಲಾರದ ಗಣಿಗಳಿಗೆ, ಬೆಂಗಳೂರಿನ ಬೀದಿಗಳಿಗೆ ದೀಪ ಬರುವುದಕ್ಕೂ ಮೂರು ವರ್ಷ ಮುಂಚೆ. ಎತ್ತರದ ಕಲಂ, ತಂತಿಯ ದಾರಿ, ಗಣಿಯ ಲಿಫ್ಟಿನ ಎತ್ತರ, ಕೊನೆಗೆ ಪೌಲಿಯ ಪೆನ್ಸಿಲ್ ಕಲಂ: ಒಂದು ಇಡೀ ಅಧ್ಯಾಯ ಒಂದೇ ರಾಜ್ಯದಲ್ಲಿ ಸಿಗುತ್ತದೆ.

ಕೊನೆಯದಾಗಿ ಪರೀಕ್ಷೆ. ಪ್ರಶ್ನೆಪತ್ರಿಕೆ ಬದಲಾಗದೆ ಪಾಠ ಬದಲಾಗದು ಎಂದು ನಿಮಗೆ ನಾನು ಹೇಳಬೇಕಿಲ್ಲ. ‘ಶಕ್ತಿಯ ನಾಲ್ಕು ವಿಧಗಳನ್ನು ಹೆಸರಿಸಿ’ ಎಂಬುದರ ಜಾಗದಲ್ಲಿ ನಾನು ಇಡಬಯಸುವ ಪ್ರಶ್ನೆ ಇದು. ಒಂದು ಮನೆಯ ಸಂಪಿನಿಂದ 12 ಮೀಟರ್ ಮೇಲಿರುವ ಟ್ಯಾಂಕಿಗೆ 1000 ಲೀಟರ್ ನೀರು ಏರಿಸುವಷ್ಟರಲ್ಲಿ ಮೀಟರ್ 0.1 ಯೂನಿಟ್ ತೋರಿಸಿತು. ನೀರಿಗೆ ಸೇರಿದ ಶಕ್ತಿ ಎಷ್ಟು, ಮೀಟರ್ ಎಣಿಸಿದ್ದು ಎಷ್ಟು, ಉಳಿದದ್ದು ಎಲ್ಲಿಗೆ ಹೋಗಿರಬಹುದು, ಅದನ್ನು ಹೇಗೆ ಪತ್ತೆಹಚ್ಚುವೆ? ನೀರಿಗೆ 1,17,600 ಜೂಲ್, ಮೀಟರಿನಲ್ಲಿ 3,60,000. ಈ ಎರಡಕ್ಕೂ ಸೇರಿ ಎರಡು ಅಂಕ. ಮೋಟರಿನ ಮೈ ಬಿಸಿ, ಪೈಪಿನ ಘರ್ಷಣೆ, ಪಂಪಿನೊಳಗೆ ನೀರಿನ ಸುಳಿದಾಟ, ಇವುಗಳಲ್ಲಿ ಯಾವುದನ್ನಾದರೂ ಹೆಸರಿಸಿದರೆ ಒಂದು. ಪತ್ತೆಹಚ್ಚುವ ಉಪಾಯಕ್ಕೆ ಎರಡು ಅಂಕ. ಮೋಟರಿನ ಮೇಲೆ ಕೈಯಿಟ್ಟು ನೋಡುತ್ತೇನೆ ಎಂದು ಬರೆದವರಿಗೂ ಒಂದು ಕೊಡಿ; ನೀರು ಏರಿಸುವ ಮೊದಲೂ ಆಮೇಲೂ ಮೋಟರಿನ ತಾಪಮಾನ ಅಳೆಯುತ್ತೇನೆ ಎಂದವರಿಗೆ ಪೂರ್ತಿ ಎರಡು.